ಉಪನಿಷತ್ತನ್ನು ಅರಸಿದ ಮೂವರು

ಬ್ರಹ್ಮಸೂತ್ರಗಳ ಮೊದಲ ಪದವಾದ ‘ಅಥ’ ಶಬ್ದವನ್ನು ವ್ಯಾಖ್ಯಾನಿಸುವ ಸಂದರ್ಭದಲ್ಲಿ ಶ್ರೀ ಶಂಕರ ಭಗವತ್ಪಾದರು ಒಂದು ಮುಖ್ಯವಾದ ಪ್ರಶ್ನೆಯನ್ನು ವಿಚಾರಿಸಿದ್ದಾರೆ. ಬ್ರಹ್ಮವನ್ನು ತಿಳಿಯಬೇಕೆಂಬ ಇಚ್ಛೆಯು ಮನುಷ್ಯನಲ್ಲಿ ಯಾವುದಾದ ಬಳಿಕ ಹುಟ್ಟುತ್ತದೆ? ವೇದಾಧ್ಯಯನವಾದ ಮಾತ್ರಕ್ಕೆ ಅದು ಹುಟ್ಟುವುದೆಂದು ಅವರು ಒಪ್ಪುವುದಿಲ್ಲ. ಕರ್ಮಗಳನ್ನೆಲ್ಲ ನಡೆಸಿ ಮುಗಿಸಿದ ಮೇಲೆಯೇ ಹುಟ್ಟಬೇಕೆಂಬ ನಿಯಮವನ್ನೂ ಅವರು ಹೇಳುವುದಿಲ್ಲ. ನಿತ್ಯಾನಿತ್ಯವಸ್ತುವಿವೇಕ, ಇಹಪರಗಳ ಫಲಭೋಗದಲ್ಲಿ ವೈರಾಗ್ಯ, ಶಮದಮಾದಿ ಸಂಪತ್ತು, ಮುಮುಕ್ಷುತ್ವ ಎಂಬ ನಾಲ್ಕು ಸಾಧನಗಳುಳ್ಳವನೇ ಈ ವಿದ್ಯೆಗೆ ಅಧಿಕಾರಿಯೆಂಬುದು ಅವರ ನಿರ್ಣಯ.

ಆದರೆ ಅದೇ ಭಾಷ್ಯದಲ್ಲಿ ಮುಂದೆ, ಉಪನಯನಸಂಸ್ಕಾರವಿಲ್ಲದವರಿಗೆ ವೇದಮುಖದಿಂದ ಈ ವಿದ್ಯೆಯು ಸಲ್ಲದೆಂದು ಹೇಳುವ ಪ್ರಕರಣವೂ ಉಂಟು. ವಿದುರ ಧರ್ಮವ್ಯಾಧಾದಿಗಳಿಗೆ ಜ್ಞಾನೋದಯವಾದದ್ದನ್ನು ಅಲ್ಲಿಯೇ ಒಪ್ಪಿಕೊಂಡಿದ್ದರೂ, ಅದು ಪೂರ್ವಜನ್ಮದ ಸಂಸ್ಕಾರದಿಂದಾಯಿತೆಂದು ಸಮಾಧಾನವನ್ನು ಹೇಳಲಾಗಿದೆ. ಹೀಗೆ ಅಧಿಕಾರವನ್ನು ಅಳೆಯಲು ಎರಡು ಮಾನಗಳು ನಮ್ಮ ಪರಂಪರೆಯಲ್ಲಿ ಒಟ್ಟೊಟ್ಟಿಗೆ ಬಂದುವು. ಒಂದು ಮನುಷ್ಯನ ಅಂತಃಕರಣವನ್ನು ನೋಡುವುದು. ಇನ್ನೊಂದು ಅವನ ಜನ್ಮಸಂಸ್ಕಾರಗಳನ್ನು ನೋಡುವುದು. ಎರಡನೆಯ ಮಾನದಿಂದ ಅಳೆದರೆ ಸರ್ವಥಾ ಅನಧಿಕಾರಿಗಳೆನಿಸುವ ಮೂವರು, ಎರಡು ಶತಮಾನಗಳ ಅವಧಿಯಲ್ಲಿ, ಒಬ್ಬರಿಂದೊಬ್ಬರು ಉಪನಿಷತ್ತನ್ನು ಪಡೆದ ವೃತ್ತಾಂತವು ವಿಚಾರಾರ್ಹವಾಗಿದೆ. ಮೊದಲನೆಯವನು ದಿಲ್ಲಿಯ ರಾಜಪುತ್ರ. ಎರಡನೆಯವನು ಪ್ಯಾರಿಸಿನ ಬಡ ವಿದ್ವಾಂಸ. ಮೂರನೆಯವನು ಜರ್ಮನಿಯ ತತ್ತ್ವಜ್ಞ. ಇವರಲ್ಲಿ ಯಾರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಬ್ಬನು ಬಿಟ್ಟುಹೋದ ಗ್ರಂಥವೇ ಮುಂದಿನವನಿಗೆ ಗುರುವಾಯಿತು.

ಮೊಗಲ ಚಕ್ರವರ್ತಿ ಷಹಜಹಾನನ ಹಿರಿಯ ಮಗನಾದ ದಾರಾ ಶುಕೋಹನು 1615ರಲ್ಲಿ ಅಜಮೀರದಲ್ಲಿ ಜನಿಸಿದನು. ಇಪ್ಪತ್ತರ ಪ್ರಾಯದ ಸುಮಾರಿನಲ್ಲಿ ಅವನು ಕೆಲವು ತಿಂಗಳ ಕಾಲ ವೈದ್ಯರಿಗೆ ವಶವಾಗದ ವ್ಯಾಧಿಯಿಂದ ನರಳಿದನು. ಆಗ ತಂದೆಯು ಮಗನನ್ನು ಲಾಹೋರಿನಲ್ಲಿದ್ದ ಮಿಯಾನ್ ಮೀರ್ ಎಂಬ ವೃದ್ಧ ಸೂಫಿ ಸಂತನ ಬಳಿಗೆ ಕರೆದೊಯ್ದನು. ಆ ದರ್ಶನದಿಂದ ತಾನು ಗುಣಹೊಂದಿದೆನೆಂದು ದಾರಾ ಬರೆದಿದ್ದಾನೆ. ಮಿಯಾನ್ ಮೀರನು 1635ರಲ್ಲಿ ಕಾಲವಾದನು. ಬಳಿಕ ಕಾಶ್ಮೀರದಲ್ಲಿದ್ದ ಅವನ ಶಿಷ್ಯ ಮುಲ್ಲಾ ಶಾಹನನ್ನು ದಾರಾ ಗುರುವಾಗಿ ವರಿಸಿ, ಖಾದಿರಿ ಪಂಥದ ದೀಕ್ಷೆಯನ್ನು ಪಡೆದನು. ಅಂದಿನಿಂದ ಅವನ ಮನಸ್ಸನ್ನು ಹಿಡಿದ ಪ್ರಶ್ನೆ ಒಂದೇ: ದೇವರು ಏಕನೆಂಬ ಮಾತಿನ ಪೂರ್ಣವಾದ ಅರ್ಥವೇನು? ಏಕನೆಂದ ಮೇಲೆ ಈ ಜಗತ್ತೂ ತಾನೂ ಆತನಿಗೆ ಬೇರೆಯೆನ್ನಲು ಸಾಧ್ಯವೆ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಅವನು ಯಹೂದ್ಯರ ಧರ್ಮಗ್ರಂಥವನ್ನೂ ದಾವೀದನ ಕೀರ್ತನೆಗಳನ್ನೂ ಕ್ರೈಸ್ತರ ಸುವಾರ್ತೆಗಳನ್ನೂ ಓದಿದನು. ಅವುಗಳಲ್ಲಿ ಏಕತ್ವದ ಮಾತು ಸಂಕ್ಷಿಪ್ತವಾಗಿಯೂ ಗೂಢವಾಗಿಯೂ ಇರುವುದಾಗಿ ಅವನಿಗೆ ತೋರಿತು. 1653ರಲ್ಲಿ ಕಂದಹಾರದ ಮುತ್ತಿಗೆಯಲ್ಲಿ ಸೋತು ಹಿಂದಿರುಗಿದ ಬಳಿಕ, ಲಾಹೋರಿನಲ್ಲಿ ಬಾಬಾ ಲಾಲ್ ಎಂಬ ಹಿಂದೂ ಸಾಧುವಿನೊಡನೆ ಹಲವು ದಿನ ಪ್ರಶ್ನೋತ್ತರಗಳನ್ನು ನಡೆಸಿದನು. ದಂಡಯಾತ್ರೆಯಲ್ಲಿ ಅಪಕೀರ್ತಿಯನ್ನು ಹೊತ್ತು ಬಂದ ಸೇನಾಪತಿಯು ಆ ಕೂಡಲೇ ವೈರಾಗಿಯೊಬ್ಬನ ಮುಂದೆ ಕುಳಿತನೆಂಬುದು ಅವನ ಸ್ವಭಾವವನ್ನು ತಿಳಿಸುತ್ತದೆ. 1655ರಲ್ಲಿ ಅವನು ‘ಮಜ್ಮ ಉಲ್ ಬಹ್ರೈನ್’, ಎಂದರೆ ಎರಡು ಸಮುದ್ರಗಳ ಸಂಗಮವೆಂಬ ಗ್ರಂಥವನ್ನು ಬರೆದು, ಸೂಫಿಗಳ ಪರಿಭಾಷೆಯನ್ನೂ ವೇದಾಂತಿಗಳ ಪರಿಭಾಷೆಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದನು. ಇದಕ್ಕೆ ‘ಸಮುದ್ರಸಂಗಮ’ ಎಂಬ ಹೆಸರಿನ ಸಂಸ್ಕೃತರೂಪವೂ ಉಂಟು.

ಮರುವರ್ಷ ಅವನ ಆಜ್ಞೆಯಿಂದ ಯೋಗವಾಸಿಷ್ಠದ ಸಾರವು ಪಾರಸಿಗೆ ಪರಿವರ್ತಿತವಾಯಿತು. ಆ ಕಾರ್ಯಕ್ಕೆ ಪ್ರೇರಣೆಯಾದ ಸ್ವಪ್ನವೊಂದನ್ನು ಗ್ರಂಥದ ಪೀಠಿಕೆಯಲ್ಲಿ ಹೇಳಿದೆ. ಕನಸಿನಲ್ಲಿ ವಸಿಷ್ಠರೂ ಶ್ರೀರಾಮನೂ ದಾರಾನಿಗೆ ದರ್ಶನವಿತ್ತರು. ಇವನೂ ನಿನ್ನಂತೆಯೇ ಸತ್ಯವನ್ನು ಅರಸುತ್ತಿರುವ ಸೋದರನೆಂದು ವಸಿಷ್ಠರು ಹೇಳಲು, ರಾಮನು ಅವನನ್ನು ಆಲಿಂಗಿಸಿ ತನ್ನ ಕೈಯಿಂದ ಮಿಠಾಯಿಯನ್ನು ತಿನ್ನಿಸಿದನು. ಸ್ವಪ್ನದ ಸತ್ಯಾಸತ್ಯಗಳನ್ನು ವಿಚಾರಿಸುವುದು ಚರಿತ್ರೆಯ ಕೆಲಸವಲ್ಲ. ಚಕ್ರವರ್ತಿಪದವಿಗೆ ಹಕ್ಕುದಾರನಾದವನೊಬ್ಬನು ಇಂತಹ ಕನಸನ್ನು ಬಹಿರಂಗವಾಗಿ ಬರೆಯಿಸಿದನೆಂಬುದು ಮಾತ್ರ ಚರಿತ್ರೆಗೆ ಸೇರಿದ ಸಂಗತಿ.

1657ರಲ್ಲಿ ಅವನು ಕಾಶಿಯಿಂದ ಪಂಡಿತರನ್ನೂ ಸಂನ್ಯಾಸಿಗಳನ್ನೂ ಬರಮಾಡಿಕೊಂಡು, ದಿಲ್ಲಿಯಲ್ಲಿ ಯಮುನೆಯ ದಡದ ನಿಗಮಬೋಧವೆಂಬಲ್ಲಿದ್ದ ತನ್ನ ಮಂದಿರದಲ್ಲಿ ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ಭಾಷಾಂತರಿಸಿದನು. ಈ ಕಾರ್ಯವು ಆರು ತಿಂಗಳಲ್ಲಿ ಮುಗಿಯಿತು. ಗ್ರಂಥಕ್ಕೆ ‘ಸಿರ್-ಇ-ಅಕ್ಬರ್’, ಎಂದರೆ ಮಹಾರಹಸ್ಯವೆಂದು ಹೆಸರಿಟ್ಟನು. ಉಪನಿಷತ್ತೆಂಬ ಪದಕ್ಕೆ ರಹಸ್ಯವೆಂಬ ಅರ್ಥವು ನಮ್ಮಲ್ಲಿಯೂ ಪ್ರಸಿದ್ಧವಾಗಿರುವುದರಿಂದ ಈ ಹೆಸರು ಉಚಿತವಾಗಿಯೇ ಇದೆ. ಕುರಾನಿನಲ್ಲಿ ಉಕ್ತವಾಗಿರುವ ಗುಪ್ತಗ್ರಂಥವು ಇದೇ ಎಂದು ದಾರಾ ದೃಢವಾಗಿ ನಂಬಿದನು. ಅವನು ತನ್ನ ಮತವನ್ನು ಬಿಟ್ಟು ಉಪನಿಷತ್ತಿಗೆ ಬಂದವನಲ್ಲ. ತನ್ನ ಮತದ ಗುಟ್ಟನ್ನು ಹುಡುಕುತ್ತ ಅಲ್ಲಿಗೆ ಬಂದವನು.

ಭಾಷಾಂತರವು ಮೂಲವನ್ನು ಅಕ್ಷರಶಃ ಅನುಸರಿಸುವುದಿಲ್ಲ. ಶಾಂಕರಭಾಷ್ಯದ ಮಾತುಗಳು ಎಷ್ಟೋ ಕಡೆ ಮೂಲದೊಳಗೇ ಸೇರಿಹೋಗಿವೆ. ಬ್ರಹ್ಮ ವಿಷ್ಣು ಮಹೇಶ್ವರರು ಜಿಬ್ರಾಯೀಲ್, ಮೀಕಾಯೀಲ್, ಇಸ್ರಾಫೀಲ್ ಎಂಬ ದೇವದೂತರಾಗಿದ್ದಾರೆ; ಪ್ರಣವವು ದೇವರ ಮಹಾನಾಮವಾಗಿದೆ. ಮಾಯೆಯನ್ನು ಪ್ರೇಮವೆಂದು ಅರ್ಥಮಾಡುವ ವಿಚಿತ್ರವಾದ ಸಮೀಕರಣವು ‘ಸಂಗಮ’ ಗ್ರಂಥದಲ್ಲಿಯೇ ಬಂದಿತ್ತು. ಯಾವ ವೇದಾಂತಪಾಠಶಾಲೆಯಲ್ಲಿಯೂ ಈ ಅರ್ಥವು ಪರೀಕ್ಷೆಯಲ್ಲಿ ಉತ್ತೀರ್ಣವಾಗಲಾರದು. ಹಾಗಿದ್ದರೂ ಈ ಪಂಡಿತರು ಅದನ್ನು ಕೇಳಿ ಎದ್ದುಹೋಗದೆ ಆರು ತಿಂಗಳು ಕುಳಿತು ಪಾಠವನ್ನು ಹೇಳಿದರು. ಅವರ ಹೆಸರುಗಳು ಪೀಠಿಕೆಯಲ್ಲಿಲ್ಲ. ರಾಜಾಜ್ಞೆಗೆ ಅಂಜಿ ಬಂದರೋ, ಸಂಭಾವನೆಯ ಆಸೆಗೆ ಬಂದರೋ, ಅಥವಾ ಶಿಷ್ಯನ ಮುಖದಲ್ಲಿ ಮುಮುಕ್ಷುವಿನ ಲಕ್ಷಣವನ್ನು ಕಂಡು ಬಾಯಿ ತೆರೆದರೋ, ಹೇಳುವವರಿಲ್ಲ. ಗುಪ್ತವಾಗಿ ಕಾಪಾಡತಕ್ಕದ್ದೆಂದು ಕಲಿತುಬಂದ ವಿದ್ಯೆಯನ್ನು ಅವರು ಆ ನದೀತೀರದಲ್ಲಿ ಹೊರಗಿನವನೊಬ್ಬನ ಕೈಗೆ ಒಪ್ಪಿಸಿದರೆಂಬುದಷ್ಟೇ ಖಂಡಿತ.

ಗ್ರಂಥವು ಮುಗಿದ ಕೆಲವೇ ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ಷಹಜಹಾನನು ಕಾಯಿಲೆ ಬಿದ್ದನು. ನಾಲ್ವರು ಮಕ್ಕಳಲ್ಲಿ ಸಿಂಹಾಸನಕ್ಕಾಗಿ ಯುದ್ಧವು ಹತ್ತಿಕೊಂಡಿತು. 1658ರಲ್ಲಿ ಆಗ್ರಾದ ಬಳಿಯ ಸಾಮೂಗಢದಲ್ಲಿಯೂ ಮರುವರ್ಷ ಅಜಮೀರದ ಬಳಿಯ ದೇವರಾಯಿಯಲ್ಲಿಯೂ ದಾರಾ ಔರಂಗಜೇಬನಿಂದ ಪರಾಜಿತನಾದನು. ಪಶ್ಚಿಮದ ಗಡಿಯ ಕಡೆಗೆ ಓಡುತ್ತಿರುವಾಗ ಅವನ ಪತ್ನಿ ನಾದಿರಾ ಬೇಗಮಳು ಮಾರ್ಗದಲ್ಲಿಯೇ ತೀರಿಕೊಂಡಳು. ಅವಳ ದೇಹವನ್ನು ಲಾಹೋರಿನಲ್ಲಿ ಮಿಯಾನ್ ಮೀರನ ಸಮಾಧಿಯ ಬಳಿ ಹೂಳಬೇಕೆಂದು, ತನ್ನೊಡನೆ ಉಳಿದಿದ್ದ ನಂಬುಗೆಯ ಸೈನಿಕರನ್ನು ಅದರ ಕಾವಲಿಗೆ ಕಳುಹಿಸಿಕೊಟ್ಟು, ತಾನು ರಕ್ಷಣೆಯಿಲ್ಲದೆ ನಿಂತನು. ಆಶ್ರಯವಿತ್ತ ಮಲಿಕ್ ಜೀವನನೆಂಬವನೇ ಅವನನ್ನು ಶತ್ರುಗಳಿಗೆ ಹಿಡಿದುಕೊಟ್ಟನು. ದಿಲ್ಲಿಯ ಬೀದಿಗಳಲ್ಲಿ ಅವನನ್ನು ಆನೆಯ ಮೇಲೆ ಕೂರಿಸಿ ಅವಮಾನಕರವಾಗಿ ಮೆರೆಸಿದುದನ್ನೂ ನೆರೆದ ಜನರು ಗೋಳಾಡಿದುದನ್ನೂ ಫ್ರೆಂಚ್ ವೈದ್ಯನಾದ ಬರ್ನಿಯೇ ಕಣ್ಣಾರೆ ಕಂಡು ಬರೆದಿದ್ದಾನೆ. 1659ರ ಆಗಸ್ಟ್ ತಿಂಗಳ ಕೊನೆಯಲ್ಲಿ ಅವನ ಶಿರಚ್ಛೇದವಾಯಿತು. ಸಿಂಹಾಸನದ ಸ್ಪರ್ಧೆಯೇ ಇದಕ್ಕೆ ಮೂಲವಾಗಿದ್ದರೂ, ಹೊರಿಸಿದ ಅಪರಾಧವು ಧರ್ಮಭ್ರಷ್ಟತೆ. ತನ್ನ ಉಂಗುರಗಳಲ್ಲಿ ‘ಪ್ರಭು’ ಎಂಬ ಪದವನ್ನು ನಾಗರಾಕ್ಷರದಲ್ಲಿ ಕೆತ್ತಿಸಿಕೊಂಡಿದ್ದನೆಂಬುದನ್ನು ಔರಂಗಜೇಬನ ಆಸ್ಥಾನದ ಇತಿಹಾಸಕಾರನು ಅವನ ದೋಷಗಳ ಪಟ್ಟಿಯಲ್ಲಿ ಸೇರಿಸಿದ್ದಾನೆ. ದೇಹವನ್ನು ಹುಮಾಯೂನನ ಗೋರಿಯ ಆವರಣದಲ್ಲಿ ಹೂಳಿದರು; ಆದರೆ ಸಮಾಧಿಯ ಮೇಲೆ ಅವನ ಹೆಸರಿಲ್ಲ.

ಗ್ರಂಥದ ಕರ್ತೃವು ಹೀಗೆ ಅಳಿದರೂ ಗ್ರಂಥದ ಹಸ್ತಪ್ರತಿಗಳು ಉಳಿದುವು. ಅವುಗಳಲ್ಲೊಂದು ಸೇರಬೇಕಾಗಿದ್ದ ಕೈಯು ಸುಮಾರು ನೂರು ವರ್ಷಗಳ ಬಳಿಕ ಫ್ರಾನ್ಸಿನಲ್ಲಿ ಸಿದ್ಧವಾಗುತ್ತಿತ್ತು.

ಆಂಕೆತಿಲ್ ದ್ಯುಪೆರೋ 1731ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದನು. ಕ್ರೈಸ್ತ ಧರ್ಮಶಾಸ್ತ್ರವನ್ನೂ ಹೀಬ್ರೂ ಮೊದಲಾದ ಪೂರ್ವದೇಶದ ಭಾಷೆಗಳನ್ನೂ ವ್ಯಾಸಂಗಮಾಡಿದನು. 1754ರಲ್ಲಿ, ಆಕ್ಸ್‌ಫರ್ಡಿನಲ್ಲಿದ್ದ ಪಾರ್ಸಿಗಳ ಧರ್ಮಗ್ರಂಥದ ನಾಲ್ಕು ಹಾಳೆಗಳ ಪ್ರತಿಕೃತಿಯನ್ನು ಯಾರೋ ಅವನಿಗೆ ತೋರಿಸಿದರು. ಯುರೋಪಿನಲ್ಲಿ ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಓದಲು ಕಲಿಯಬೇಕಾದರೆ ಭಾರತಕ್ಕೆ ಹೋಗಬೇಕು, ಹೋಗಲು ಹಣವಿಲ್ಲ. ಅವನು ಫ್ರೆಂಚ್ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ ಹಡಗಿನ ಬಂದರಿಗೆ ಹೊರಟನು. ಈ ಸಾಹಸವನ್ನು ಕೇಳಿದ ಸರ್ಕಾರವು ಅವನಿಗೆ ಪ್ರಯಾಣದ ಸೌಕರ್ಯವನ್ನೂ ಅಲ್ಪವಾದ ವೇತನವನ್ನೂ ದಯಪಾಲಿಸಿತು. 1755ರಲ್ಲಿ ಪುದುಚ್ಚೇರಿಯಲ್ಲಿ ಇಳಿದು, ಬಂಗಾಳವನ್ನು ಸುತ್ತಿ, ಪಶ್ಚಿಮ ಕರಾವಳಿಯ ಮಾಹೆಯ ಮಾರ್ಗವಾಗಿ 1758ರಲ್ಲಿ ಸೂರತನ್ನು ಸೇರಿದನು. ಅಲ್ಲಿ ಪಾರ್ಸಿ ಪುರೋಹಿತರಿಂದ ಪಾಠವನ್ನು ಹೇಳಿಸಿಕೊಂಡನು. ಬಳಿಕ ಕಾಶಿಗೆ ಹೋಗಿ ಸಂಸ್ಕೃತವನ್ನು ಕಲಿಯಬೇಕೆಂಬುದು ಅವನ ಸಂಕಲ್ಪವಾಗಿದ್ದಿತು. ಆಂಗ್ಲರಿಗೂ ಫ್ರೆಂಚರಿಗೂ ನಡೆಯುತ್ತಿದ್ದ ಯುದ್ಧವು ಅದನ್ನು ಭಂಗಪಡಿಸಿತು. 1762ರಲ್ಲಿ ಅವನು 180 ಹಸ್ತಪ್ರತಿಗಳೊಡನೆ ಪ್ಯಾರಿಸಿಗೆ ಮರಳಿದನು.

1771ರಲ್ಲಿ ಅವನು ಪ್ರಕಟಿಸಿದ ಅವೆಸ್ತಾ ಭಾಷಾಂತರಕ್ಕೆ ದೊರೆತದ್ದು ಹಾಸ್ಯ. ಯುವಕನಾಗಿದ್ದ ವಿಲಿಯಂ ಜೋನ್ಸನು ಫ್ರೆಂಚ್ ಭಾಷೆಯಲ್ಲಿಯೇ ಕಟುವಾದ ಪತ್ರವೊಂದನ್ನು ಅಚ್ಚುಮಾಡಿಸಿ ಅವನನ್ನು ಅಪಹಾಸ್ಯಕ್ಕೆ ಗುರಿಮಾಡಿದನು. ಗ್ರಂಥವು ಪ್ರಾಚೀನವೇ ಅಲ್ಲವೆಂಬ ಸಂದೇಹವು ಹಬ್ಬಿತು. ಅದು ನಿರಾಧಾರವೆಂದು ವಿದ್ವಲ್ಲೋಕವು ನಿಶ್ಚಯಿಸುವ ಹೊತ್ತಿಗೆ ಆಂಕೆತಿಲನು ಬದುಕಿರಲಿಲ್ಲ. ಆದರೆ 1775ರಲ್ಲಿ ಅವನಿಗೆ ಭಾರತದಿಂದ ಒಂದು ಕಟ್ಟು ಬಂದಿತು. ಅಯೋಧ್ಯೆಯ ನವಾಬ ಶುಜಾ ಉದ್ ದೌಲನ ಆಸ್ಥಾನದಲ್ಲಿ ಫ್ರೆಂಚರ ಪ್ರತಿನಿಧಿಯಾಗಿದ್ದ ಝಾಂತಿಯೆಂಬ ಸ್ನೇಹಿತನು ದಾರಾನ ಮಹಾರಹಸ್ಯದ ಪ್ರತಿಯೊಂದನ್ನು ಕಳುಹಿಸಿದ್ದನು. ಕಾಶಿಗೆ ಹೋಗಲಾರದೆ ಉಳಿದವನ ಮನೆಗೆ ಕಾಶಿಯ ಪಂಡಿತರ ಪಾಠವು ಹೀಗೆ ಪಾರಸಿಯ ವೇಷದಲ್ಲಿ ತಾನಾಗಿಯೇ ಬಂದಿತು.

ಅವನು ಎರಡನೆಯ ಪ್ರತಿಯೊಂದನ್ನು ಸಂಪಾದಿಸಿ, ಪಾಠಗಳನ್ನು ಹೋಲಿಸಿ, ಮೊದಲು ಫ್ರೆಂಚ್ ಭಾಷೆಗೆ ಪರಿವರ್ತಿಸಿದನು. ಅದು ತೃಪ್ತಿಯನ್ನು ಕೊಡಲಿಲ್ಲ. ಪುನಃ ಆರಂಭಿಸಿ, ಪಾರಸಿಯ ಪದಕ್ರಮವನ್ನು ಸಹ ಕೆಡಿಸದೆ ಲ್ಯಾಟಿನ್ ಭಾಷೆಗೆ ತಂದನು. ಅರ್ಥವು ಸ್ಪಷ್ಟವಾಗಲೆಂದು ಲ್ಯಾಟಿನಿನಲ್ಲಿಲ್ಲದ ಉಪಪದಗಳನ್ನು ಗ್ರೀಕಿನಿಂದ ತಂದು ನಡುವೆ ಸೇರಿಸಿದನು. ಹೊರಗೆ ಫ್ರಾನ್ಸಿನ ಮಹಾಕ್ರಾಂತಿಯು ರಾಜನನ್ನೂ ಪ್ರಜೆಗಳನ್ನೂ ನುಂಗುತ್ತಿದ್ದ ಕಾಲದಲ್ಲಿ ಈ ವೃದ್ಧನು ಬಾಗಿಲು ಮುಚ್ಚಿಕೊಂಡು ಪದಪದವನ್ನು ತೂಗುತ್ತಿದ್ದನು. ಗ್ರಂಥದ ಪೀಠಿಕಾಭಾಗದಲ್ಲಿ ಭಾರತದ ಬ್ರಾಹ್ಮಣರನ್ನು ಸಂಬೋಧಿಸಿ ತನ್ನ ಜೀವನಕ್ರಮವನ್ನು ಆತನು ತಿಳಿಸಿದ್ದಾನೆ. ರೊಟ್ಟಿ, ಸ್ವಲ್ಪ ಗಿಣ್ಣು, ನೀರು, ಇವೇ ಆಹಾರ, ಚಳಿಗಾಲದಲ್ಲಿಯೂ ಬೆಂಕಿಯಿಲ್ಲ, ಹಾಸಿಗೆಗೆ ಹೊದಿಕೆಯಿಲ್ಲ, ಹೆಂಡತಿ ಮಕ್ಕಳು ಸೇವಕರೆಂಬವರಿಲ್ಲ. ತಮ್ಮ ತಪಸ್ಸಿಗೆ ಹೆಸರಾದ ಜನರ ಮುಂದೆ, ತಾನೂ ಈ ವಿದ್ಯೆಗೆ ತಕ್ಕಮಟ್ಟಿಗೆ ಅರ್ಹನೆಂದು ನಿವೇದಿಸಿಕೊಳ್ಳುವ ವಿನಯವು ಆ ಮಾತುಗಳಲ್ಲಿ ಕಾಣುತ್ತದೆ. 1801-02ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ‘ಔಪ್ನೆಖತ್’ ಎಂಬ ವಿಕೃತವಾದ ಹೆಸರಿನಿಂದ ಎರಡು ಸಂಪುಟಗಳು ಪ್ರಕಟವಾದುವು. 1804ರಲ್ಲಿ ನೆಪೋಲಿಯನ್ ಚಕ್ರವರ್ತಿಗೆ ನಿಷ್ಠೆಯ ಪ್ರಮಾಣವನ್ನು ಮಾಡಲೊಪ್ಪದೆ ವಿದ್ವತ್ಸಂಸ್ಥೆಯ ಸದಸ್ಯತ್ವವನ್ನು ತ್ಯಜಿಸಿದ ಅವನು, 1805ರ ಜನವರಿಯಲ್ಲಿ ನಿಧನನಾದನು. ಗ್ರಂಥವನ್ನು ಓದಿದವರು ಬಹು ಕಡಮೆ.

ಅದೇ ವರ್ಷ ಹ್ಯಾಂಬರ್ಗಿನಲ್ಲಿ ವರ್ತಕನೊಬ್ಬನು ಅಕಾಲಮರಣಕ್ಕೀಡಾದನು. ಆತ್ಮಹತ್ಯೆಯೆಂದು ಬಹುಮಂದಿ ನಂಬಿದರು. ಅವನ ಮಗ ಆರ್ಥರ್ ಷೋಪೆನ್‌ಹಾವರನಿಗೆ ಆಗ ಹದಿನೇಳು ವರ್ಷ. ಅದಕ್ಕೆ ಹಿಂದಿನ ವರ್ಷವೇ ಅವನು ತಂದೆತಾಯಿಗಳೊಡನೆ ಯುರೋಪನ್ನು ಸಂಚರಿಸುವಾಗ, ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ಸಂಕೋಲೆ ತೊಟ್ಟು ದುಡಿಯುವ ಸಾವಿರಾರು ಕೈದಿಗಳನ್ನು ನೋಡಿ ತಲ್ಲಣಿಸಿದ್ದನು. ರೋಗ ಜರೆ ಮರಣಗಳನ್ನು ಕಂಡ ಬುದ್ಧನಂತೆ ತಾನೂ ಹದಿನೇಳರ ಪ್ರಾಯದಲ್ಲಿ ಸಂಸಾರದ ದುಃಖದಿಂದ ಹಿಡಿಯಲ್ಪಟ್ಟೆನೆಂದು ಅವನು ಮುಂದೆ ಬರೆದುಕೊಂಡನು. ಈ ದುಃಖಕ್ಕೆ ಕಾರಣವೇನು, ಇದರಿಂದ ಬಿಡುಗಡೆಯುಂಟೆ ಎಂಬುದೇ ಅವನ ತತ್ತ್ವಶಾಸ್ತ್ರದ ಬೀಜಪ್ರಶ್ನೆ.

ವೈಮಾರಿನಲ್ಲಿ ಫ್ರೀಡ್ರಿಕ್ ಮಾಯರ್ ಎಂಬ ವಿದ್ವಾಂಸನ ಪರಿಚಯದಿಂದ ಭಾರತೀಯ ವಿಚಾರಗಳಲ್ಲಿ ಅವನಿಗೆ ಆಸಕ್ತಿ ಹುಟ್ಟಿತು. 1814ರ ಮಾರ್ಚ್ ತಿಂಗಳಲ್ಲಿ ಅಲ್ಲಿನ ಪುಸ್ತಕಭಂಡಾರದಿಂದ ಆಂಕೆತಿಲನ ಸಂಪುಟಗಳನ್ನು ಎರವಲು ಪಡೆದನು. ಬಳಿಕ ಸ್ವಂತ ಪ್ರತಿಯನ್ನು ಕೊಂಡು, ಅಂಚುಗಳಲ್ಲಿ ಟಿಪ್ಪಣಿ ಬರೆಯುತ್ತ ಜೀವಮಾನವಿಡೀ ಓದಿದನು. 1818ರ ಕೊನೆಯಲ್ಲಿ ಹೊರಬಂದ ಅವನ ಮುಖ್ಯ ಗ್ರಂಥದ ಮುನ್ನುಡಿಯಲ್ಲಿಯೇ ಉಪನಿಷತ್ತುಗಳ ಋಣವು ಸ್ಮರಿಸಲ್ಪಟ್ಟಿದೆ. ಬದುಕಿನಲ್ಲಿ ತನಗೆ ಸಮಾಧಾನವನ್ನಿತ್ತುದು ಈ ಗ್ರಂಥವೇ, ಮರಣಕಾಲದಲ್ಲಿ ಈಯಬಲ್ಲುದೂ ಇದೇ ಎಂಬ ಅರ್ಥದ ಮಾತನ್ನು ಅವನು 1851ರಲ್ಲಿ ಪ್ರಕಟಿಸಿದನು. ಸಂಸ್ಕೃತದಿಂದ ನೇರವಾಗಿ ಬಂದ ಭಾಷಾಂತರಗಳು ಆ ವೇಳೆಗೆ ದೊರೆಯುತ್ತಿದ್ದರೂ, ಈ ಕಠಿನವಾದ ಲ್ಯಾಟಿನನ್ನೇ ಅವನು ಹೆಚ್ಚಾಗಿ ನೆಚ್ಚಿದನು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಛಾಂದೋಗ್ಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಒಂಬತ್ತು ಸಲ ಉಪದೇಶಿಸಿದ ತತ್ತ್ವಮಸಿ ಮಹಾವಾಕ್ಯವು ಪಾರಸಿ ಲಿಪಿಯನ್ನು ಹಾದು ಲ್ಯಾಟಿನಿಗೆ ಬರುವಷ್ಟರಲ್ಲಿ ‘ತತೂಮೆಸ್’ ಎಂದಾಗಿತ್ತು. ಷೋಪೆನ್‌ಹಾವರನು ಮೊದಲು ಕಂಡುದು ಈ ರೂಪವನ್ನೇ. ವೇದಪಾಠದಲ್ಲಿ ಒಂದು ಸ್ವರವು ಜಾರಿದರೂ ಪ್ರಾಯಶ್ಚಿತ್ತವನ್ನು ಬಯಸುವ ಸಂಪ್ರದಾಯಕ್ಕೆ ಇದು ಕೇಳಲಾರದ ಅಪಭ್ರಂಶ. ಹಾಗಾದರೂ ಈ ಒಡೆದ ಅಕ್ಷರಗಳಿಂದಲೇ ಅವನು ಹಿಡಿದ ಅರ್ಥವು ಒಡೆದಿರಲಿಲ್ಲ. ಎದುರಿಗಿರುವ ನರಳುವ ಪ್ರಾಣಿಯೂ ತಾನೂ ಮೂಲದಲ್ಲಿ ಬೇರೆಯಲ್ಲವೆಂಬ ಅರಿವೇ ಕರುಣೆಯ ಆಧಾರ, ಕರುಣೆಯೇ ಧರ್ಮದ ಆಧಾರ ಎಂದು ಅವನು 1840ರ ನೀತಿಶಾಸ್ತ್ರದ ಪ್ರಬಂಧದಲ್ಲಿ ಪ್ರತಿಪಾದಿಸಿದನು. ಮೂಕಪ್ರಾಣಿಗಳನ್ನೂ ಈ ಕರುಣೆಯೊಳಗೆ ಸೇರಿಸಬೇಕೆಂದು ಯುರೋಪಿನಲ್ಲಿ ದೃಢವಾಗಿ ವಾದಿಸಿದವರಲ್ಲಿ ಅವನೊಬ್ಬನು. ತನ್ನ ನಾಯಿಯನ್ನು ಅವನು ‘ಆತ್ಮ’ ಎಂದು ಕರೆಯುತ್ತಿದ್ದನು. 1860ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅವನು ತೀರಿಕೊಂಡಾಗ ಅವನ ಕೊಠಡಿಯಲ್ಲಿ ಚಿನ್ನದ ಲೇಪವುಳ್ಳ ಬುದ್ಧವಿಗ್ರಹವೊಂದಿದ್ದಿತು.

ಈಗ ಭಾಷ್ಯಕಾರರ ನಾಲ್ಕು ಸಾಧನಗಳಿಂದ ಈ ಮೂವರನ್ನು ಪರೀಕ್ಷಿಸಬಹುದು. ದಾರಾನಲ್ಲಿ ಮುಮುಕ್ಷುತ್ವವು ನಿಜವಾಗಿದ್ದಿತು. ಆದರೆ ವೈರಾಗ್ಯವು ಸಾಲದಾಯಿತು. ಒಂದು ಕೈಯಲ್ಲಿ ಮಹಾರಹಸ್ಯವನ್ನೂ ಇನ್ನೊಂದು ಕೈಯಲ್ಲಿ ರಾಜದಂಡವನ್ನೂ ಅವನು ಬಿಡಲಾರದೆ ಹಿಡಿದಿದ್ದನು. ಹಿತವನ್ನು ಹೇಳುವವರನ್ನು ತಿರಸ್ಕರಿಸುವ ಅಹಂಕಾರವು ಅವನಲ್ಲಿದ್ದಿತೆಂದು ಬರ್ನಿಯೇ ಹೇಳುತ್ತಾನೆ. ಆಂಕೆತಿಲನಲ್ಲಿ ವೈರಾಗ್ಯವೂ ತಿತಿಕ್ಷೆಯೂ ಸಮೃದ್ಧವಾಗಿದ್ದುವು. ಆದರೆ ಅವನು ಕೊನೆಯವರೆಗೂ ಕ್ರೈಸ್ತ ಭಕ್ತನಾಗಿಯೇ ಇದ್ದು, ಉಪನಿಷತ್ತಿನಿಂದ ಬಯಸಿದ್ದು ಜ್ಞಾನವನ್ನು, ಮೋಕ್ಷವನ್ನಲ್ಲ. ಷೋಪೆನ್‌ಹಾವರನಲ್ಲಿ ಸಂಸಾರದ ಅನಿತ್ಯತೆಯನ್ನು ಕಾಣುವ ವಿವೇಕವು ತೀಕ್ಷ್ಣವಾಗಿದ್ದಿತು. ಆದರೆ ಶಮದಮಗಳು ಎಂದೂ ಸಿದ್ಧಿಸಲಿಲ್ಲ. ಕರುಣೆಯೇ ಧರ್ಮಮೂಲವೆಂದು ಬರೆದವನೇ, ಬರ್ಲಿನ್ನಿನಲ್ಲಿ ನೆರೆಯ ಹೆಂಗಸೊಬ್ಬಳನ್ನು ಕೋಪದಿಂದ ಹೊರನೂಕಿ, ನ್ಯಾಯಾಲಯದ ತೀರ್ಪಿನಂತೆ ಅವಳಿಗೆ ವರ್ಷಂಪ್ರತಿ 60 ಥಾಲರುಗಳನ್ನು ಅವಳ ಮರಣದವರೆಗೂ ತೆರಬೇಕಾಯಿತು. ಪೂರ್ಣಾಧಿಕಾರಿಯೆನಿಸುವವನು ಮೂವರಲ್ಲಿ ಒಬ್ಬನೂ ಇಲ್ಲ.

ಆದರೆ ಒಂದು ಮಾತು ಉಳಿಯುತ್ತದೆ. ಮೊದಲ ಮಾನದಿಂದ ಪೂರ್ಣಾಂಕವನ್ನು ಪಡೆಯುವವನು ಸಂಪ್ರದಾಯದ ಒಳಗೂ ದುರ್ಲಭ. ವಿಧಿವತ್ತಾಗಿ ಉಪದೇಶವನ್ನು ಪಡೆದು, ಶಾಂತಿಪಾಠದಿಂದ ಕೊನೆಯವರೆಗೆ ಸ್ವರಸಹಿತವಾಗಿ ಒಪ್ಪಿಸುವ ವಿದ್ಯಾರ್ಥಿಗಳಲ್ಲಿ, ಇದರಿಂದ ತನ್ನ ಬದುಕಿನ ಯಾವ ಪ್ರಶ್ನೆಗೆ ಉತ್ತರ ದೊರೆಯಿತೆಂದು ವಿಚಾರಿಸುವವರು ಎಷ್ಟು ಮಂದಿ? ಈ ಮೂವರು ಅಕ್ಷರವನ್ನು ಕೆಡಿಸಿದರು. ಆದರೆ ಪ್ರಶ್ನೆಯನ್ನು ತಂದರು. ಹಾಗೆಂದು ಅಕ್ಷರವನ್ನು ಕಾಯ್ದವರ ಋಣವು ಕಡಮೆಯಾಗುವುದಿಲ್ಲ. ಕಾಶಿಯಲ್ಲಿ ತಲೆತಲಾಂತರದಿಂದ ಕಂಠಸ್ಥಮಾಡಿದವರಿಲ್ಲದಿದ್ದರೆ ದಾರಾನಿಗೆ ಕೇಳಲು ಏನೂ ಇರುತ್ತಿರಲಿಲ್ಲ. ಕೆಟ್ಟ ಅಕ್ಷರವನ್ನು ಸರಿಪಡಿಸಲು ಮೂಲವು ಉಳಿದಿರಬೇಕಷ್ಟೆ. ಷೋಪೆನ್‌ಹಾವರನ ಮಾರ್ಗದಿಂದಲೇ ಉಪನಿಷತ್ತಿಗೆ ಬಂದ ಪೌಲ್ ಡಾಯ್ಸನ್ ಪಂಡಿತನು ಸಂಸ್ಕೃತವನ್ನು ಕಲಿತು, 1887ರಲ್ಲಿ ಸೂತ್ರಭಾಷ್ಯವನ್ನೂ 1897ರಲ್ಲಿ ಅರವತ್ತು ಉಪನಿಷತ್ತುಗಳನ್ನೂ ಜರ್ಮನ್ ಭಾಷೆಗೆ ತಂದನು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಕ್ರೈಸ್ತ ವಿಧಿಗೆ ಕಾರಣವನ್ನು ಹೇಳುವುದು ತತ್ತ್ವಮಸಿ ವಾಕ್ಯವೇ ಎಂದು ಅವನು 1893ರಲ್ಲಿ ಮುಂಬಯಿಯ ಸಭೆಯೊಂದರಲ್ಲಿ ಉಪನ್ಯಾಸಮಾಡಿದನು. 1896ರಲ್ಲಿ ಸ್ವಾಮಿ ವಿವೇಕಾನಂದರು ಕೀಲ್ ನಗರದಲ್ಲಿ ಅವನ ಮನೆಗೆ ಅತಿಥಿಯಾಗಿ ಹೋದರು.

ಇಂದು ಮೂಲವೂ ಕನ್ನಡ ತಾತ್ಪರ್ಯವೂ ಕೂಡಿದ ಉಪನಿಷತ್ತುಗಳು ಅಲ್ಪ ಬೆಲೆಗೆ ಅಂಗಡಿಗಳಲ್ಲಿ ದೊರೆಯುತ್ತವೆ. ಅವುಗಳಿಗಾಗಿ ಯಾರೂ ಸಿಪಾಯಿಯಾಗಿ ಹಡಗನ್ನು ಹತ್ತಬೇಕಾಗಿಲ್ಲ. ತಲೆಯನ್ನು ಒಪ್ಪಿಸಬೇಕಾಗಿಯೂ ಇಲ್ಲ. ಎಲ್ಲರಿಗೂ ದೊರೆಯುವ ವಸ್ತುವಿಗೆ ಅಧಿಕಾರದ ಪ್ರಶ್ನೆಯೇ ಇಲ್ಲವೆಂದು ತೋರಬಹುದು. ಆದರೆ ‘ಅಥ’ ಶಬ್ದದ ವಿಚಾರವು ಇದರಿಂದ ಮುಗಿಯುವುದಿಲ್ಲ. ಗ್ರಂಥವು ಕೈಗೆ ಬಂದ ಬಳಿಕ ಜಿಜ್ಞಾಸೆ ಹುಟ್ಟುವುದೆಂದು ಭಾಷ್ಯಕಾರರು ಎಲ್ಲಿಯೂ ಹೇಳಿಲ್ಲ. ರಾಜಪುತ್ರನ ರೋಗಶಯ್ಯೆಯಲ್ಲಿ, ಪ್ಯಾರಿಸಿನ ಬೆಂಕಿಯಿಲ್ಲದ ಕೊಠಡಿಯಲ್ಲಿ, ತೂಲೋನಿನ ಕೈದಿಗಳ ಮುಂದೆ ಅದು ಹುಟ್ಟಿತು. ಗ್ರಂಥವು ಬಂದದ್ದು ಆಮೇಲೆ.